ಪೆಟ್ಟಿಗೆಯೊಳಗೆ ಅಡಗಿದ ಖಳನಾಯಕ

ಲಂಡನ್‌ನ ಸ್ಟ್ಯಾಮ್‌ಫರ್ಡ್ ಬ್ರಿಜ್ ಕ್ರೀಡಾಂಗಣವನ್ನು ತೋರಿಸುತ್ತಿದ್ದ ನಮ್ಮ ಗೈಡ್ ಹಿರಿಯರು, ಮಾತಿನ ಮಲ್ಲರು. ಚೆಲ್ಸಿ ತಂಡದ ಡ್ರೆಸಿಂಗ್ ರೂಮಿಗೆ ಕರೆದೊಯ್ದು ಲ್ಯಾಂಪಾರ್ಡ್, ಡ್ರೋಗ್ಬಾ, ಟೆರ್ರಿ ಎಂದು ಮೂರು ಹೆಸರು ಹೇಳಿ ಮುಗಿಸಿದರು. ಆಮೇಲೆ ಬಾಗಿಲ ಬಳಿ ನಿಂತು, ಕೈಯನ್ನು ಸೊಂಟದೆತ್ತರಕ್ಕೆ ಹಿಡಿದು, ‘ಪೆಟ್ಟಿಗೆ ಇಷ್ಟೇ ಇದ್ದದ್ದು’ ಎಂದರು. ಗುಂಪಿಗೆ ಗುಂಪೇ ನಕ್ಕಿತು. ಯಾವ ಪೆಟ್ಟಿಗೆ, ಒಳಗೆ ಯಾರಿದ್ದರು ಎಂದು ಒಬ್ಬರೂ ಕೇಳಲಿಲ್ಲ. ಬ್ರೆಜಿಲ್‌ನಿಂದ ಬಂದಿದ್ದ ಒಬ್ಬಾಕೆಯಂತೂ ಕಥೆಯ ಮುಂದಿನ ಭಾಗವನ್ನು ತಾನೇ ಹೇಳತೊಡಗಿದಳು. ಗೈಡ್ ಮುಖ ಸಪ್ಪಗಾಯಿತು.

ಆ ಪೆಟ್ಟಿಗೆಯ ಕಥೆ ನನಗೆ ಎಷ್ಟು ಸಲ ಕೇಳಿದರೂ ಸಾಲದು. 2005ರ ಏಪ್ರಿಲ್ 6. ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್‌ನ ಮೊದಲ ಪಂದ್ಯ, ಎದುರಾಳಿ ಬಯರ್ನ್ ಮ್ಯೂನಿಕ್. ಚೆಲ್ಸಿ ಕೋಚ್ ಜೋಸೆ ಮೊರಿನ್ಯೊ ಮೇಲೆ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಎರಡು ಪಂದ್ಯಗಳ ನಿಷೇಧ ಹೇರಿತ್ತು; ಬೆಂಚಿನಲ್ಲಿ ಕೂರುವಂತಿಲ್ಲ, ಡ್ರೆಸಿಂಗ್ ರೂಮಿಗೆ ಕಾಲಿಡುವಂತಿಲ್ಲ. ಎಷ್ಟೋ ವರ್ಷಗಳ ಮೇಲೆ ಆತನೇ ಬಾಯಿಬಿಟ್ಟ ಪ್ರಕಾರ, ಮಧ್ಯಾಹ್ನವೇ ಯಾರ ಕಣ್ಣಿಗೂ ಬೀಳದೆ ಒಳಗೆ ಸೇರಿಕೊಂಡು, ಆಟಗಾರರು ಬರುವವರೆಗೂ ಅಲ್ಲೇ ಕೂತಿದ್ದ. ಒಳಗೆ ಹೋಗುವುದು ಸುಲಭವಾಯಿತು, ಹೊರಗೆ ಬರುವುದೇ ಪಜೀತಿ. ಆಟಗಾರರ ಬಟ್ಟೆಬರೆ ನೋಡಿಕೊಳ್ಳುವ ಸಿಬ್ಬಂದಿ ಆತನನ್ನು ಬಟ್ಟೆ ಸಾಗಿಸುವ ಪೆಟ್ಟಿಗೆಯಲ್ಲಿ ಕೂರಿಸಿ, ಉಸಿರಾಡಲೆಂದು ಮುಚ್ಚಳ ತುಸು ತೆರೆದಿಟ್ಟು ತಳ್ಳಿಕೊಂಡು ಹೊರಟ. ಯುಇಎಫ್‌ಎ ಅಧಿಕಾರಿಗಳು ಬೆನ್ನು ಬಿದ್ದಾಗ ಮುಚ್ಚಳ ಪೂರ್ತಿ ಮುಚ್ಚಿಬಿಟ್ಟ. ಒಳಗಿದ್ದವನಿಗೆ ಪ್ರಾಣ ಹೋಗುವುದೊಂದು ಬಾಕಿ.

ಇಷ್ಟಕ್ಕೇ ಮುಗಿಯಲಿಲ್ಲ. ಅದೇ ಸಂಜೆ ಬೆಂಚಿನಲ್ಲಿ ಕೂತಿದ್ದ ಫಿಟ್‌ನೆಸ್ ಕೋಚ್ ರುಯಿ ಫಾರಿಯಾ ತಲೆಗೆ ಉಣ್ಣೆಯ ಟೋಪಿ ಎಳೆದುಕೊಂಡು ಬಂದಿದ್ದ. ಕಿವಿಯ ಹತ್ತಿರ ಕೈ ಹೋದಾಗಲೆಲ್ಲ ಟಿವಿ ಕ್ಯಾಮೆರಾ ಅವನ ಮುಖಕ್ಕೆ ಹಾರುತ್ತಿತ್ತು: ಟೋಪಿಯೊಳಗೆ ಇಯರ್‌ಫೋನ್ ಇದೆಯೇ? ಮೊರಿನ್ಯೊ ಎಲ್ಲೋ ಕೂತು ಅಪ್ಪಣೆ ಕೊಡುತ್ತಿದ್ದಾನೆಯೇ? ಹಳೆಯ ದೃಶ್ಯಗಳನ್ನು ಹುಡುಕಿ ಹುಡುಕಿ ನೋಡಿದ್ದೇನೆ. ಕಿವಿ ತುರಿಸಿಕೊಳ್ಳುವವನಂತೆ ಒಮ್ಮೆ, ಗುಟ್ಟು ಕೇಳಿಸಿಕೊಳ್ಳುವವನಂತೆ ಮತ್ತೊಮ್ಮೆ ಕಾಣುತ್ತಾನೆ. ಬೇಕೆಂದೇ ಆಟ ಕಟ್ಟಿದನೇ ಎಂಬ ಗುಮಾನಿ ನನಗೆ ಈಗಲೂ ಇದೆ. ಚೆಲ್ಸಿ 4–2ರಿಂದ ಗೆದ್ದಿತು. ಆರು ಗೋಲುಗಳ ಸೊಗಸಾದ ಪಂದ್ಯ. ಇವತ್ತು ಜನ ನೆನೆಯುವುದು ಮಾತ್ರ ಟೋಪಿಯನ್ನು, ಪೆಟ್ಟಿಗೆಯನ್ನು.

ನಿಷೇಧ ಯಾಕಿತ್ತು ಎನ್ನುವುದು ಇಷ್ಟು ತಮಾಷೆಯ ಸಂಗತಿಯಲ್ಲ. ಅದೇ ಫೆಬ್ರುವರಿಯಲ್ಲಿ ಬಾರ್ಸಿಲೋನಾದಲ್ಲಿ ಚೆಲ್ಸಿ 2–1ರಿಂದ ಸೋತಿತ್ತು, ಡ್ರೋಗ್ಬಾನನ್ನು ರೆಫರಿ ಹೊರಗೆ ಕಳಿಸಿದ್ದ. ವಿರಾಮದ ವೇಳೆ ಎದುರಾಳಿ ಕೋಚ್ ರೈಕಾರ್ಡ್, ರೆಫರಿಯ ಕೋಣೆಗೆ ಹೋಗಿದ್ದ ಎಂದು ಮೊರಿನ್ಯೊ ದೂರಿದ. ಸ್ವೀಡನ್ನಿನ ಆ ರೆಫರಿ ಆಂಡರ್ಸ್ ಫ್ರಿಸ್ಕ್‌ಗೆ ಬೆದರಿಕೆಗಳು ಶುರುವಾದವು, ಕುಟುಂಬವನ್ನೂ ಬಿಡಲಿಲ್ಲ. ಮಾರ್ಚ್‌ನಲ್ಲಿ ಆತ ಸೀಟಿ ಕೆಳಗಿಟ್ಟು ಮನೆಗೆ ಹೋದ. ಯುಇಎಫ್‌ಎ ರೆಫರಿಗಳ ಸಮಿತಿಯ ಮುಖ್ಯಸ್ಥ ಫೋಲ್ಕರ್ ರೋತ್, ಮೊರಿನ್ಯೊನನ್ನು ಫುಟ್‌ಬಾಲ್‌ನ ಶತ್ರು ಎಂದೇ ಕರೆದ. ನನಗೆ ಈ ಕೋಚ್ ಇಷ್ಟ. ಆದರೆ ಈ ಪ್ರಕರಣದಲ್ಲಿ ಆತನ ಪರ ವಕಾಲತ್ತು ವಹಿಸಲು ಮನಸ್ಸು ಬಾರದು.

ಡ್ರೆಸಿಂಗ್ ರೂಮಿಗಿಂತ ಹೆಚ್ಚು ಜನ ಮುಗಿಬಿದ್ದದ್ದು ಪತ್ರಿಕಾಗೋಷ್ಠಿಯ ಕೋಣೆಯಲ್ಲಿ. ಮೇಜು, ಮೈಕು, ಹಿಂದೆ ಪ್ರಾಯೋಜಕರ ಹೆಸರು ತುಂಬಿದ ಫಲಕ. ಕುರ್ಚಿಯಲ್ಲಿ ಕೂತು ಫೋಟೊ ತೆಗೆಸಿಕೊಳ್ಳಲು ಸಾಲು. ಕೂತವರೆಲ್ಲ ಮಾಡಿದ್ದು ಒಂದೇ: ತುಟಿ ಕೊಂಕಿಸಿ, ಹುಬ್ಬು ಗಂಟಿಕ್ಕಿ, ಮೊರಿನ್ಯೊ ಹಾಗೆ ಕಾಣುವ ಪ್ರಯತ್ನ. ಇದೇ ಕ್ಲಬ್ಬಿಗೆ 2010ರಲ್ಲಿ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ಒಟ್ಟಿಗೆ ತಂದುಕೊಟ್ಟವನು ಆಂಚೆಲೊಟ್ಟಿ. ಮೊರಿನ್ಯೊಗೆ ಇಲ್ಲಿ ದಕ್ಕದ ಚಾಂಪಿಯನ್ಸ್ ಲೀಗನ್ನು 2012ರಲ್ಲಿ ತಂದವನು ಡಿ ಮಟ್ಟೆಯೊ. ಅವರಂತೆ ನಟಿಸಲು ಯಾರಿಗೂ ಮನಸ್ಸಾಗಲಿಲ್ಲ. ನಟಿಸುವುದಾದರೂ ಏನನ್ನು?

ಮಾಧ್ಯಮದ ಲೆಕ್ಕಾಚಾರ ಇಲ್ಲಿದೆ. ಪಂದ್ಯ 90 ನಿಮಿಷದಲ್ಲಿ ಮುಗಿಯುತ್ತದೆ. ಪತ್ರಿಕೆಯ ಕ್ರೀಡಾಪುಟ, ದಿನವಿಡೀ ಓಡುವ ಚಾನೆಲ್ಲು ಮುಗಿಯುವುದಿಲ್ಲ. ಆಟಗಾರರು ಕೈಗೆ ಸಿಗುವುದು ಅಪರೂಪ, ಸಿಕ್ಕರೂ ಹೇಳಿಕೊಟ್ಟದ್ದನ್ನು ಒಪ್ಪಿಸಿ ಎದ್ದು ಹೋಗುತ್ತಾರೆ. ಪಂದ್ಯದ ಮುಂಚೆ, ಪಂದ್ಯದ ನಂತರ, ಸೋತರೂ ಗೆದ್ದರೂ ಮೈಕಿನ ಮುಂದೆ ಬರಲೇಬೇಕಾದವನು ಕೋಚ್ ಒಬ್ಬನೇ. ಹಾಗಾಗಿ ವಾರದ ಕಥೆಗೆ ಪಾತ್ರ ಬೇಕೆಂದರೆ ಆತನನ್ನೇ ಹಿಡಿಯಬೇಕು. ಸೋಲುವ ಕೋಚ್‌ನ ಕಥೆ ಮೂರು ವಾರದಲ್ಲಿ ಮುಗಿಯುತ್ತದೆ, ಅವನ ಕೆಲಸವೇ ಹೋಗುತ್ತದೆ. ಗೆಲ್ಲುವವನು ವರ್ಷಗಟ್ಟಲೆ ಇರುತ್ತಾನೆ. ಯಕ್ಷಗಾನದಲ್ಲಿ ಬಣ್ಣದ ವೇಷ ಬರುವ ಹೊತ್ತಿಗೆ ನಿದ್ದೆಗೆ ಜಾರಿದ ಮಕ್ಕಳನ್ನೂ ಎಬ್ಬಿಸಿ ಕೂರಿಸುತ್ತಾರಲ್ಲ, ಹಾಗೆ ಶುಕ್ರವಾರದ ಮೊರಿನ್ಯೊ ಗೋಷ್ಠಿಗೆ ವರದಿಗಾರರು ಎದ್ದು ಕೂರುತ್ತಿದ್ದರು.

ಆತನಿಗೂ ಇದು ಲಾಭದ ವ್ಯವಹಾರವೇ. ಪತ್ರಿಕಾಗೋಷ್ಠಿಯಲ್ಲೇ ತನ್ನ ಪಾಲಿಗೆ ಪಂದ್ಯ ಶುರುವಾಗಿರುತ್ತದೆ ಎಂದು ಹೇಳಿಕೊಂಡವನು ಆತ. ಬೈಗುಳವೆಲ್ಲ ತನ್ನ ಮೇಲೆ ಬಿದ್ದರೆ ಹುಡುಗರು ನಿರಾಳವಾಗಿ ಆಡುತ್ತಾರೆ. 2011ರ ಏಪ್ರಿಲ್‌ನಲ್ಲಿ, ಮೊರಿನ್ಯೊ ಆಗ ಕೋಚ್ ಆಗಿದ್ದ ರಿಯಲ್ ಮ್ಯಾಡ್ರಿಡ್ ವಿರುದ್ಧದ ಸೆಮಿಫೈನಲ್‌ನ ಹಿಂದಿನ ದಿನ, ಯಾವಾಗಲೂ ಸಂಯಮದಿಂದಿರುವ ಬಾರ್ಸಿಲೋನಾದ ಕೋಚ್ ಗಾರ್ಡಿಯೊಲಾ ಪತ್ರಿಕಾಗೋಷ್ಠಿಯಲ್ಲಿ ಸಿಡಿದೆದ್ದು, ಈ ಕೋಣೆಯ ಯಜಮಾನ ಮೊರಿನ್ಯೊನೇ, ಇಲ್ಲಿ ಆತನ ಜತೆ ಪೈಪೋಟಿ ತನಗೆ ಬೇಕಿಲ್ಲ ಎಂದ. ಮಧ್ಯೆ ಒಂದು ಅಚ್ಚ ಬೈಗುಳವನ್ನೂ ಸೇರಿಸಿದ. ಮರುದಿನ ಮೆಸ್ಸಿಯ ಎರಡು ಗೋಲುಗಳಿಂದ ಬಾರ್ಸಿಲೋನಾ ಗೆದ್ದಿತು. ಆದರೂ ಹಿಂದಿನ ದಿನದ ಆ ಮಾತು ಇವತ್ತಿಗೂ ಮರೆಯಾಗಿಲ್ಲ. ಅಂದಹಾಗೆ ಸ್ಪೇನ್‌ನಲ್ಲಿ ಪತ್ರಿಕೆಗಳೇ ಪಕ್ಷ ಹಿಡಿಯುತ್ತವೆ: ‘ಮಾರ್ಕಾ’, ‘ಆಸ್’ ಮ್ಯಾಡ್ರಿಡ್ ಕಡೆ, ‘ಸ್ಪೋರ್ಟ್’, ‘ಮುಂಡೊ ಡಿಪೋರ್ಟಿವೊ’ ಬಾರ್ಸಿಲೋನಾ ಕಡೆ. ಖಳ ಯಾರು ಎನ್ನುವುದು ನೀವು ಪತ್ರಿಕೆ ಕೊಂಡ ಊರಿನ ಮೇಲೆ ನಿಂತಿದೆ. ಆದರೂ ಅದೇ ವರ್ಷದ ಆಗಸ್ಟ್‌ನಲ್ಲಿ ಬಾರ್ಸಿಲೋನಾದ ಸಹಾಯಕ ಕೋಚ್ ಟಿಟೊ ವಿಲನೋವಾ ಕಣ್ಣಿಗೆ ಮೊರಿನ್ಯೊ ಹಿಂದಿನಿಂದ ಬಂದು ಬೆರಳು ಹಾಕಿದ್ದನ್ನು ಯಾವ ಊರಿನ ಪತ್ರಿಕೆಯೂ ಮುಚ್ಚಿಡುವಂತಿರಲಿಲ್ಲ.

ಒಮ್ಮೆ ಅಂಟಿಸಿದ ಚೀಟಿ ಅಂಕಿಅಂಶಕ್ಕೆ ಜಗ್ಗುವುದಿಲ್ಲ. ಗೋಲಿನ ಮುಂದೆ ಬಸ್ ನಿಲ್ಲಿಸುವ ಮಾತನ್ನು ಇಂಗ್ಲೆಂಡಿನಲ್ಲಿ ಚಾಲ್ತಿಗೆ ತಂದವನು ಮೊರಿನ್ಯೊ, ಅದೂ 2004ರಲ್ಲಿ ಟಾಟನ್‌ಹ್ಯಾಮ್ ತಂಡದ ರಕ್ಷಣಾತ್ಮಕ ಆಟವನ್ನು ಹಂಗಿಸಲು. ಕೊನೆಗೆ ಆ ಬಸ್ ಬಂದು ನಿಂತದ್ದು ಆತನ ಮನೆ ಮುಂದೆಯೇ. 2014ರಲ್ಲಿ ಚೆಲ್ಸಿ ಆನ್‌ಫೀಲ್ಡ್‌ನಲ್ಲಿ 2–0ಯಿಂದ ಗೆದ್ದಾಗ ಲಿವರ್‌ಪೂಲ್‌ನ ಕೋಚ್ ರಾಜರ್ಸ್, ಎರಡು ಬಸ್ ನಿಲ್ಲಿಸಿದರು ಎಂದು ಗೊಣಗಿದ. ಇದೇ ಮೊರಿನ್ಯೊನ ರಿಯಲ್ ಮ್ಯಾಡ್ರಿಡ್ 2011–12ರಲ್ಲಿ ಲೀಗ್‌ನಲ್ಲಿ ಹೊಡೆದದ್ದು 121 ಗೋಲು, ಗಳಿಸಿದ್ದು 100 ಅಂಕ. ರಕ್ಷಣೆಯೇ ಗೊತ್ತಿರುವ ಕೋಚ್ ಎಂದು ಬರೆಯುವವರು ಈ ಸಾಲನ್ನು ಹಾರಿಸಿಯೇ ಮುಂದೆ ಹೋಗುತ್ತಾರೆ.

ಗೆಲ್ಲುವ ಖಳನ ಈ ಪಾತ್ರ ಹೊಸದೇನಲ್ಲ. 1964, 65ರಲ್ಲಿ ಇಂಟರ್ ಮಿಲಾನ್‌ಗೆ ಯುರೋಪಿಯನ್ ಕಪ್ ತಂದ ಹೆಲೆನಿಯೊ ಹೆರೆರಾನನ್ನೂ ಫುಟ್‌ಬಾಲ್‌ನ ಕತ್ತು ಹಿಸುಕಿದವನು ಎಂದೇ ಬಗೆದವರಿದ್ದರು. ಲೀಡ್ಸ್‌ನ ಡಾನ್ ರೆವಿ ಗೆದ್ದಷ್ಟೂ ಆತನ ತಂಡ ಕೊಳಕು ತಂಡವಾಯಿತು. ಅದೇ ಕಾಲದ ಕೋಚ್ ಬ್ರಯನ್ ಕ್ಲಫ್‌ಗೆ ಜಂಬ ಕಡಿಮೆ ಇರಲಿಲ್ಲ, ಆದರೆ ಟಿವಿಯಲ್ಲಿ ನಗಿಸಬಲ್ಲವನಾದ್ದರಿಂದ ಎಲ್ಲರ ಮುದ್ದಿನವನಾದ.

ಗೆಲುವು ಕೈಕೊಟ್ಟಾಗ ಅದೇ ವೇಷ ನಗೆಪಾಟಲಾಗುತ್ತದೆ. 2018ರ ಆಗಸ್ಟ್‌ನಲ್ಲಿ ಮೊರಿನ್ಯೊನ ಮ್ಯಾಂಚೆಸ್ಟರ್ ಯುನೈಟೆಡ್ ಟಾಟನ್‌ಹ್ಯಾಮ್‌ಗೆ 3–0ಯಿಂದ ಶರಣಾದ ರಾತ್ರಿ ಆತ ಮೂರು ಬೆರಳೆತ್ತಿ, ತಾನು ಗೆದ್ದದ್ದು ಮೂರು ಪ್ರೀಮಿಯರ್ ಲೀಗ್, ಉಳಿದ 19 ಕೋಚ್‌ಗಳು ಸೇರಿ ಗೆದ್ದದ್ದು ಎರಡು, ಮರ್ಯಾದೆ ಕೊಡಿ ಎಂದು ಗುಡುಗಿ ಎದ್ದು ನಡೆದ. ಲೆಕ್ಕ ಸರಿಯಾಗಿಯೇ ಇತ್ತು. ಹತ್ತು ವರ್ಷ ಹಿಂದಾಗಿದ್ದರೆ ಅದನ್ನೇ ಸೊಕ್ಕು ಎಂದು ದಪ್ಪಕ್ಷರದಲ್ಲಿ ಹಾಕುತ್ತಿದ್ದರು. ಈ ಸಲ ಅಯ್ಯೋ ಪಾಪ ಎಂದರು. ಡಿಸೆಂಬರ್‌ನಲ್ಲಿ ಕ್ಲಬ್ ಆತನನ್ನು ಕಿತ್ತುಹಾಕಿತು.

2023ರಲ್ಲಿ ಬುಡಾಪೆಸ್ಟ್‌ನ ಯುರೋಪಾ ಲೀಗ್ ಫೈನಲ್. ಮೊರಿನ್ಯೊನ ರೋಮಾ ಪೆನಾಲ್ಟಿಗಳಲ್ಲಿ ಸೆವಿಯಾಗೆ ಸೋತಿತು. ರನ್ನರ್ಸ್ ಅಪ್ ಪದಕವನ್ನು ಗ್ಯಾಲರಿಯಲ್ಲಿದ್ದ ಒಬ್ಬ ಹುಡುಗನಿಗೆ ಕೊಟ್ಟ. ಆಮೇಲೆ ಪಾರ್ಕಿಂಗ್ ಜಾಗದಲ್ಲಿ ನಿಂತು ಇಂಗ್ಲಿಷ್ ರೆಫರಿ ಆಂಟನಿ ಟೇಲರ್‌ನನ್ನು ಬಾಯಿಗೆ ಬಂದಂತೆ ಬೈದ. ಮೊಬೈಲ್‌ನಲ್ಲಿ ಸೆರೆಯಾದ ಆ ಬೈಗುಳ ಊರೆಲ್ಲ ಸುತ್ತಿತು. ಮರುದಿನ ವಿಮಾನ ನಿಲ್ದಾಣದಲ್ಲಿ ಟೇಲರ್ ಮತ್ತು ಅವನ ಕುಟುಂಬದವರನ್ನು ರೋಮಾ ಅಭಿಮಾನಿಗಳು ಮುತ್ತಿದರು, ಕುರ್ಚಿಯೊಂದು ಹಾರಿ ಬಂತು. ಯುಇಎಫ್‌ಎ ಮೊರಿನ್ಯೊನನ್ನು ನಾಲ್ಕು ಪಂದ್ಯ ಹೊರಗಿಟ್ಟಿತು. ಟೇಲರ್ ಮಾತ್ರ ಫ್ರಿಸ್ಕ್‌ನಂತೆ ಸೀಟಿ ಕೆಳಗಿಡಲಿಲ್ಲ. ಮರುವರ್ಷದ ಯೂರೊ ಕಪ್‌ನಲ್ಲಿ ಸ್ಪೇನ್–ಜರ್ಮನಿ ಕ್ವಾರ್ಟರ್ ಫೈನಲ್‌ಗೆ ರೆಫರಿ ಆಗಿದ್ದವನು ಅವನೇ.