ಹೊಸದುರ್ಗ ಮೊದಲು, ಹೊಳಲ್ಕೆರೆ ಆಮೇಲೆ

ಚಿತ್ರದುರ್ಗ ಜಿಲ್ಲೆಯಲ್ಲಿ ಆರು ತಾಲ್ಲೂಕುಗಳಿವೆ. ಅವುಗಳ ಹೆಸರನ್ನು ಅಕಾರಾದಿಯಾಗಿ ಜೋಡಿಸಿದರೆ ಸಿಗುವ ಪಟ್ಟಿ ಇದು: ಚಳ್ಳಕೆರೆ, ಚಿತ್ರದುರ್ಗ, ಮೊಳಕಾಲ್ಮೂರು, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ವರ್ಣಮಾಲೆ ಬಾಯಿಪಾಠ ಬರುವ ಯಾವ ಮಗುವಾದರೂ ಇದನ್ನು ಜೋಡಿಸೀತು. ಇದೇ ಆರು ಹೆಸರುಗಳನ್ನು ವೆಬ್‌ಸೈಟ್ ನಡೆಸುವ ಸಿಎಂಎಸ್ ತಂತ್ರಾಂಶಕ್ಕೆ ತುಂಬಿ, ಶೀರ್ಷಿಕೆಯ ಪ್ರಕಾರ ಜೋಡಿಸು ಎಂದರೆ ಎಷ್ಟೋ ಸಲ ಕೊನೆಯ ಎರಡು ಊರುಗಳು ಅದಲುಬದಲಾಗುತ್ತವೆ. ಹೊಳಲ್ಕೆರೆ ಮೇಲೇರುತ್ತದೆ, ಹೊಸದುರ್ಗ ಕೆಳಗಿಳಿಯುತ್ತದೆ. ಮಿಕ್ಕ ನಾಲ್ಕು ಸರಿಯಾಗಿಯೇ ಇರುವುದರಿಂದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಇಂಗ್ಲಿಷಿನ ಪಟ್ಟಿಯಲ್ಲೂ ಹೊಳಲ್ಕೆರೆಯೇ ಮೊದಲು ಬರುವುದರಿಂದ, ಅದನ್ನು ನೋಡಿ ತಾಳೆ ಹಾಕುವವರಿಗೆ ಎಲ್ಲವೂ ಸರಿಯಿದೆ ಎಂದೇ ತೋರುತ್ತದೆ.

ಇದರ ಹಿಂದಿರುವುದು ಬಹಳ ಜನರ ಒಂದು ನಂಬಿಕೆ: ಯುನಿಕೋಡ್‌ನಲ್ಲಿ ಟೈಪ್ ಮಾಡಿದರೆ ಸಾಕು, ಅಕಾರಾದಿ ತಾನಾಗಿಯೇ ಬರುತ್ತದೆ ಎಂಬುದು.

ಬರುವುದಿಲ್ಲ. ಯುನಿಕೋಡ್ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುತ್ತದೆ, ಅಷ್ಟೇ. ಆ ಸಂಖ್ಯೆಗಳ ಸಾಲೇ ನಿಘಂಟಿನ ಸಾಲು ಎಂದು ಅದು ಎಲ್ಲಿಯೂ ಹೇಳಿಲ್ಲ. ಕನ್ನಡದ ಸಂಖ್ಯೆಗಳು ಬಂದ ದಾರಿ ನೋಡಿದರೆ ಗೊಂದಲದ ಮೂಲ ತಿಳಿಯುತ್ತದೆ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಅಚ್ಚಿನ ಕೋಷ್ಟಕ ಇರಲಿ ಎಂದು ‘ಇಸ್ಕಿ’ ಎಂಬ ಸಂಕೇತ ವ್ಯವಸ್ಥೆ ರೂಪುಗೊಂಡಿತು. ಅದರ 1988ರ ರೂಪವನ್ನು ಆಧಾರವಾಗಿಟ್ಟುಕೊಂಡೇ ಯುನಿಕೋಡ್ ನಮ್ಮ ಲಿಪಿಗಳಿಗೆ ಜಾಗ ಹಂಚಿತು. ಆ ಸಾಮಾನ್ಯ ಕೋಷ್ಟಕದಲ್ಲಿ ‘ಲ’ದ ಪಕ್ಕದಲ್ಲೇ ‘ಳ’ ಇದೆ, ಆಮೇಲೆ ‘ವ’, ‘ಶ’, ‘ಷ’, ‘ಸ’, ‘ಹ’. ಕನ್ನಡದ ವರ್ಣಮಾಲೆಯಲ್ಲಾದರೋ ‘ಳ’ ಎಲ್ಲಕ್ಕಿಂತ ಕೊನೆಗೆ, ‘ಹ’ ಆದ ಮೇಲೆ. ಹೀಗಾಗಿ ಸಂಖ್ಯೆಯನ್ನಷ್ಟೇ ನೋಡುವ ಯಂತ್ರಕ್ಕೆ ‘ಹೊಳ’ ಎಂಬುದು ‘ಹೊಸ’ಕ್ಕಿಂತ ಚಿಕ್ಕದು. ಆ ಕೋಷ್ಟಕದ ಗುರುತು ಇನ್ನೊಂದು ಕಡೆಯೂ ಉಳಿದಿದೆ. ‘ಳ’ ಮತ್ತು ‘ವ’ದ ನಡುವೆ ಕನ್ನಡದ ಪಾಲಿಗೆ ಒಂದು ಮನೆ ಇಂದಿಗೂ ಖಾಲಿ. ಹಳಗನ್ನಡದ ‘ೞ’ ಅಲ್ಲಿಗೆ ಬರಲಿಲ್ಲ, ದೂರದ ಬೇರೊಂದು ಮನೆಗೆ ಹೋಯಿತು.

ಪರಿಹಾರ ಕಷ್ಟದ್ದಲ್ಲ. ಯಾವ ಭಾಷೆಯಲ್ಲಿ ಯಾವ ಅಕ್ಷರದ ನಂತರ ಯಾವುದು ಎಂಬ ನಿಯಮಗಳನ್ನು ಯುನಿಕೋಡ್ ಒಕ್ಕೂಟವೇ ಬೇರೆಯಾಗಿ ಕಾಪಾಡಿಕೊಂಡು ಬಂದಿದೆ. ಕನ್ನಡದ ನಿಯಮವೂ ಅದರಲ್ಲಿದೆ, ಅಲ್ಲಿ ‘ಳ’ ತನ್ನ ಜಾಗದಲ್ಲೇ ಕೂತಿದೆ. ಪಿಎಚ್‌ಪಿಯಲ್ಲಿ ‘ಕೊಲೇಟರ್’, ಜಾವಾಸ್ಕ್ರಿಪ್ಟ್‌ನಲ್ಲಿ ‘ಇಂಟ್ಲ್ ಕೊಲೇಟರ್’ ಎಂಬ ಸಿದ್ಧ ಸಲಕರಣೆಗಳಿಗೆ ಭಾಷೆ ಕನ್ನಡ ಎಂದು ಒಂದು ಮಾತು ಹೇಳಿದರೆ ಆಯಿತು. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ 10ನೇ ಆವೃತ್ತಿಯಿಂದ ಈ ಸೌಲಭ್ಯ ಒಳಗೇ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ‘ಜನರಲ್’ ಎಂಬ ಹಳೆಯ ಜೋಡಣೆಯನ್ನು ಆರಿಸಿದ್ದರೆ ಮಾತ್ರ ಬರಿಯ ಸಂಖ್ಯೆಯ ಸಾಲೇ ಗತಿ. ಸಿಎಂಎಸ್ ಹಾಕಿಕೊಡುವವರು ಅದನ್ನು ಮೊದಲ ದಿನವೇ ನೋಡಬೇಕು, ಸಾವಿರಾರು ಪುಟ ತುಂಬಿದ ಮೇಲಲ್ಲ.

ಇದರ ಜೊತೆಗೆ ಅಕಾರಾದಿ ಸೂಚಿಯ ತಲೆಬರಹಗಳ ಬಗ್ಗೆ ಒಂದು ಭಯವೂ ಸುಮ್ಮನೆ ಹಬ್ಬಿದೆ. ಕನ್ನಡದಲ್ಲಿ ಕಾಗುಣಿತ ಇರುವುದರಿಂದ ‘ಹಿ’ಗೊಂದು, ‘ಹೊ’ಗೊಂದು ಎಂದು ನೂರಾರು ತಲೆಬರಹ ಬೇಕಾಗುತ್ತದೆ, ಅದಕ್ಕೇ ಕನ್ನಡದ ಸೂಚಿ ಮಾಡುವುದು ಆಗದ ಕೆಲಸ ಎನ್ನುವವರಿದ್ದಾರೆ. ಕಂಪ್ಯೂಟರಿನೊಳಗೆ ‘ಹಿ’ ಒಂದೇ ತುಂಡಲ್ಲ, ‘ಹ’ ಮತ್ತು ಗುಡಿಸು ಎಂಬ ಎರಡು ಸಂಕೇತ. ಡ್ರೂಪಲ್ ಎಂಬ ಸಿಎಂಎಸ್‌ನ ಸಿದ್ಧ ‘ಗ್ಲಾಸರಿ’ ವ್ಯವಸ್ಥೆ ಶೀರ್ಷಿಕೆಯ ಮೊದಲ ಒಂದು ಸಂಕೇತವನ್ನಷ್ಟೇ ಕತ್ತರಿಸಿ ತೆಗೆಯುತ್ತದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೂರೂ ‘ಹ’ ಎಂಬ ಒಂದೇ ಮನೆಗೆ ಬಂದು ಸೇರುತ್ತವೆ, ನಿಘಂಟಿನಲ್ಲಿ ಸೇರುವ ಹಾಗೆಯೇ. ಕೆಡುವುದು ಎಲ್ಲೆಂದರೆ ಕಣ್ಣಿಗೆ ಕಾಣುವ ಇಡೀ ಅಕ್ಷರವನ್ನೇ ಕತ್ತರಿಸುವ ಸಲಕರಣೆ ಬಳಸಿದಾಗ, ಇಲ್ಲವೇ ಸಂಕೇತದ ಬದಲು ಬೈಟ್ ಲೆಕ್ಕದಲ್ಲಿ ಕತ್ತರಿಸಿದಾಗ. ಒಂದು ಕನ್ನಡ ಸಂಕೇತಕ್ಕೆ ಮೂರು ಬೈಟ್ ಬೇಕು. ಒಂದೇ ಬೈಟ್ ಕತ್ತರಿಸಿದರೆ ತಲೆಬರಹದ ಜಾಗದಲ್ಲಿ ಪ್ರಶ್ನೆಚಿಹ್ನೆಯ ಡಬ್ಬಿ ಕಾಣುತ್ತದೆ.

‘ಕ್ಷ’, ‘ಜ್ಞ’ಗಳಿಗೆ ಬೇರೆ ತಲೆಬರಹ ಬೇಕೇ? ಬೇಡ. ‘ಕ್ಷೇತ್ರ’ ನಿಘಂಟಿನಲ್ಲಿ ‘ಕ’ದ ಅಡಿಯಲ್ಲೇ, ‘ಕೌ’ ಮುಗಿದ ಮೇಲೆ ಬರುತ್ತದೆ. ‘ಅಂಗಡಿ’ಯೂ ‘ಔ’ ಆದ ಮೇಲಲ್ಲ, ‘ಅ’ದ ಅಡಿಯಲ್ಲೇ.

ನೋಡಲು ಒಂದೇ ಥರ ಇರುವ ಪದ ಒಳಗೂ ಒಂದೇ ಎಂಬ ನಂಬಿಕೆ ಇವೆಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಕಡತಗಳನ್ನು ತೆಗೆದುಕೊಳ್ಳಿ. ಅಲ್ಲಿ ‘ಚಿತ್ರದುರ್ಗ’ದ ‘ಚಿ’ ಒಳಗೆ ಇಂಗ್ಲಿಷಿನ ಸಣ್ಣ ‘ಎ’ ಆಗಿರುತ್ತದೆ, ‘ಚಳ್ಳಕೆರೆ’ಯ ‘ಚ’ ಶುರುವಾಗುವುದು ದೊಡ್ಡ ‘ಝಡ್’ನಿಂದ. ಅಕ್ಕಪಕ್ಕದ ಎರಡು ತಾಲ್ಲೂಕುಗಳು ಯಂತ್ರದ ಲೆಕ್ಕದಲ್ಲಿ ಸಂಬಂಧವೇ ಇಲ್ಲದ ಎರಡು ಅಕ್ಷರಗಳಡಿ ಬೀಳುತ್ತವೆ. ಅಂಥ ಕಡತವನ್ನು ಯುನಿಕೋಡ್‌ಗೆ ಪರಿವರ್ತಿಸದೆ ಸಿಎಂಎಸ್‌ಗೆ ಅಂಟಿಸಿದರೆ ಸೂಚಿಯೂ ಇಲ್ಲ, ಹುಡುಕಾಟವೂ ಇಲ್ಲ.

ಯುನಿಕೋಡ್‌ನೊಳಗೂ ಇಂಥದ್ದೇ ಒಂದು ಬಲೆ ಇದೆ. ‘ಹೊ’ ಅಕ್ಷರದ ಒತ್ವವನ್ನು ಒಂದೇ ಸಂಕೇತದಿಂದ ಬರೆಯಬಹುದು, ‘ೆ’ ಮತ್ತು ‘ೂ’ ಎಂಬ ಎರಡನ್ನು ಸೇರಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಹೊಸದುರ್ಗವೇ, ಡೇಟಾಬೇಸಿಗೆ ಮಾತ್ರ ಎರಡು ಊರು. ‘ಮೊಳಕಾಲ್ಮೂರು’ ಎಂಬುದನ್ನು ಒಬ್ಬರು ಒತ್ತಕ್ಷರ ಹಾಕಿ ಬರೆದರೆ, ಇನ್ನೊಬ್ಬರು ಒತ್ತು ಬೀಳದಂತೆ ‘ಮೊಳಕಾಲ್‌ಮೂರು’ ಎಂದು ಬಿಡಿಸಿ ಬರೆಯುತ್ತಾರೆ. ಬಿಡಿಸಿ ಬರೆದದ್ದರಲ್ಲಿ ಕಣ್ಣಿಗೆ ಕಾಣದ ಸಂಕೇತವೊಂದು ಕೂತಿರುತ್ತದೆ. ಪಠ್ಯವನ್ನು ಉಳಿಸುವಾಗಲೇ ಒಂದೇ ರೂಪಕ್ಕೆ ತರುವ ನಾರ್ಮಲೈಸೇಶನ್ ಎಂಬ ಹೆಜ್ಜೆ ಮೊದಲನೆಯ ತೊಡಕನ್ನು ನೀಗಿಸುತ್ತದೆ. ಎರಡನೆಯದಕ್ಕೆ ಬರಹಗಾರರೆಲ್ಲ ಒಂದೇ ಕಾಗುಣಿತಕ್ಕೆ ಒಪ್ಪಬೇಕು.

ವ್ಯಕ್ತಿಗಳ ಹೆಸರಿಗೆ ಬಂದರೆ ಯಾವ ತಂತ್ರಾಂಶವೂ ಸಂಪಾದಕರ ಕೆಲಸ ಮಾಡಿಕೊಡುವುದಿಲ್ಲ. ‘ಕೊನೆಯ ಪದವೇ ಮನೆತನದ ಹೆಸರು, ಅದರಿಂದ ಜೋಡಿಸಿ’ ಎಂಬ ಸೂತ್ರವೊಂದಿದೆ. ಚಿತ್ರದುರ್ಗದಲ್ಲಿ ವಕೀಲರಾಗಿದ್ದು ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪ ಅವರ ಹೆಸರಲ್ಲಿ ‘ಎಸ್’ ಎಂದರೆ ಸಿದ್ದವನಹಳ್ಳಿ. ಶೀರ್ಷಿಕೆಯನ್ನು ಇದ್ದ ಹಾಗೇ ಜೋಡಿಸಿದರೆ ಅವರು ‘ಎ’ಕಾರದಲ್ಲಿ ಸಿಗುತ್ತಾರೆ, ಊರಿನ ಹೆಸರು ಬಿಡಿಸಿದರೆ ‘ಸ’ದಲ್ಲಿ. ಓದುಗರು ಹುಡುಕುವುದು ‘ನಿ’ಯಲ್ಲಿ. ಇಲ್ಲಿ ಕೊನೆಯ ಪದದ ಸೂತ್ರ ಗೆದ್ದಿತು ಅನ್ನಿಸಬಹುದು. ಆದರೆ ‘ದುರ್ಗಾಸ್ತಮಾನ’ ಬರೆದ ತ.ರಾ.ಸು. ಅವರಿಗೆ ಅದೇ ಸೂತ್ರ ಹಚ್ಚಿ ನೋಡಿ. ಅವರ ‘ತ’ ಚಳ್ಳಕೆರೆ ತಾಲ್ಲೂಕಿನ ತಳುಕು, ‘ಸು’ ಸುಬ್ಬರಾವ್. ‘ಸುಬ್ಬರಾವ್’ ಎಂದು ‘ಸ’ದಲ್ಲಿ ಹುಡುಕುವ ಕನ್ನಡಿಗ ಅಪರೂಪ, ನಾಡಿಗೆಲ್ಲ ಅವರು ‘ತ’ದಲ್ಲೇ ಇದ್ದಾರೆ. ಅದಕ್ಕಾಗಿ ಪ್ರತಿ ನಮೂದಿಗೂ ಶೀರ್ಷಿಕೆಯ ಜೊತೆಗೆ ‘ಜೋಡಣೆಯ ಹೆಸರು’ ಎಂಬ ಇನ್ನೊಂದು ಖಾನೆ ಇಡುವುದೇ ಸರಿಯಾದ ದಾರಿ. ಓದುಗರಿಗೆ ‘ಎಸ್. ನಿಜಲಿಂಗಪ್ಪ’ ಎಂದು ಕಂಡರೂ ಯಂತ್ರ ‘ನಿಜಲಿಂಗಪ್ಪ ಎಸ್’ ಎಂದು ಓದಿಕೊಳ್ಳುತ್ತದೆ.

ಸ್ಥಳಗಳಿಗೆ ಅದೂ ಸಾಲದು. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿ 1907ರಲ್ಲಿ ಮುಗಿದ ಅಣೆಕಟ್ಟು ದಾಖಲೆಗಳಲ್ಲಿ ವಾಣಿವಿಲಾಸ ಸಾಗರ, ಸುತ್ತಲಿನ ಜನರ ಬಾಯಲ್ಲಿ ಮಾರಿಕಣಿವೆ. ಒಂದು ವಿಷಯಕ್ಕೆ ಸೂಚಿಯಲ್ಲಿ ಒಂದೇ ಜಾಗ ಎಂದು ಹಟ ಹಿಡಿದರೆ ಇಬ್ಬರಲ್ಲಿ ಒಬ್ಬ ಓದುಗ ಬರಿಗೈಯಲ್ಲಿ ಹೋಗುತ್ತಾನೆ. ‘ಮ’ದ ಅಡಿಯಲ್ಲಿ ‘ಮಾರಿಕಣಿವೆ: ವಾಣಿವಿಲಾಸ ಸಾಗರ ನೋಡಿ’ ಎಂಬ ಒಂದು ಸಾಲು ಸೇರಿಸಲು ಯಾವ ಸಿಎಂಎಸ್‌ನಲ್ಲಾದರೂ ಬೇಕಾಗುವುದು ಒಂದು ಹೊಸ ನಮೂದು, ಒಂದು ಕೊಂಡಿ.