ಕಾಫಿಯ ಗುಣವೂ ಕಬ್ಬಿಣದ ಮಾತ್ರೆಯೂ

ಕಾಫಿ ಆರೋಗ್ಯಕ್ಕೆ ಹಿತಕರವೆಂಬ ವರದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಅದನ್ನು ಕತ್ತರಿಸಿಟ್ಟುಕೊಳ್ಳುವ ಅಭ್ಯಾಸ ನನ್ನದು. ದಿನಕ್ಕೆ ನಾಲ್ಕು ಲೋಟ ಕುಡಿಯುವ ನಿವೃತ್ತನಿಗೆ ಇಂಥ ದಾಖಲೆಗಳು ಮನೆಯೊಳಗಿನ ವಾಗ್ವಾದಗಳಲ್ಲಿ ನೆರವಾಗುತ್ತವೆ.

ಈ ವರದಿಗಳಲ್ಲಿ ಹುರುಳಿಲ್ಲವೆಂದಲ್ಲ. ಕಾಫಿ ಎಂದೊಡನೆ ನೆನಪಾಗುವುದು ಕೆಫೀನ್. ಆದರೆ ಕೆಫೀನ್ ತೆಗೆದ ಕಾಫಿ ಕುಡಿಯುವವರಲ್ಲಿಯೂ ಎರಡನೆಯ ಬಗೆಯ ಮಧುಮೇಹ ಕಡಿಮೆ ಕಂಡುಬಂದಿರುವುದರಿಂದ, ಸಂಶೋಧಕರ ಗಮನ ಕ್ಲೋರೋಜೆನಿಕ್ ಆಮ್ಲವೇ ಮೊದಲಾದ ಪಾಲಿಫೀನಾಲ್‌ಗಳತ್ತ ಹರಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1991ರಲ್ಲಿ ಕಾಫಿಯನ್ನು ಮೂತ್ರಕೋಶದ ಕ್ಯಾನ್ಸರಿಗೆ ಕಾರಣವಾಗಬಹುದಾದ ವಸ್ತುಗಳ ಸಾಲಿಗೆ ಸೇರಿಸಿತ್ತು. 2016ರಲ್ಲಿ ಆ ಸಾಲಿನಿಂದ ಕೈಬಿಟ್ಟಿತು. (65 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ಪಾನೀಯಗಳ ಬಗ್ಗೆ ಅದೇ ವರ್ಷ ಎಚ್ಚರಿಸಿದ್ದನ್ನು ಹೊಗೆಯಾಡುವ ಕಾಫಿಯೇ ಬೇಕೆನ್ನುವ ನನ್ನಂಥವರು ಜಾಣತನದಿಂದ ಮರೆಯುತ್ತೇವೆ.) ಆದರೂ ಇವು ಬಹುಪಾಲು ಜನರನ್ನು ವರ್ಷಗಟ್ಟಲೆ ಗಮನಿಸಿ ಕಂಡುಕೊಂಡ ಸಹಸಂಬಂಧಗಳೇ ಹೊರತು ಸಿದ್ಧಪಟ್ಟ ಕಾರ್ಯಕಾರಣ ಸಂಬಂಧಗಳಲ್ಲ. ಈ ವ್ಯತ್ಯಾಸವನ್ನು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲಿಯೇ ನಮಗೆ ಕಲಿಸಿದ್ದರು.

ನನ್ನ ಕಡತದಲ್ಲಿ ಇಲ್ಲದಿದ್ದ ಸಂಗತಿಯೊಂದು ಮನೆಯಲ್ಲಿಯೇ ಎದುರಾಯಿತು. ರಕ್ತಹೀನತೆಗಾಗಿ ವೈದ್ಯರು ನನ್ನ ಪತ್ನಿಗೆ ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರು. ಮೂರು ತಿಂಗಳು ತಪ್ಪದೆ ನುಂಗಿದರೂ ಹಿಮೊಗ್ಲೋಬಿನ್ ಹೇಳಿಕೊಳ್ಳುವಷ್ಟು ಏರಲಿಲ್ಲ. ಮಾತ್ರೆಯನ್ನು ಯಾವಾಗ, ಯಾವುದರೊಂದಿಗೆ ಸೇವಿಸುತ್ತೀರಿ ಎಂದು ವೈದ್ಯರು ಕೇಳಿದರು. ತಿಂಡಿಯಾದೊಡನೆ, ಕಾಫಿಯ ಜೊತೆ. ಮರೆಯದಿರಲೆಂದು ದಿನವೂ ಅದನ್ನು ಲೋಟದ ಪಕ್ಕದಲ್ಲಿ ಇಡುತ್ತಿದ್ದವನು ನಾನೇ.

ಹೊಗಳಿಕೆಗೆ ಪಾತ್ರವಾದ ಆ ಪಾಲಿಫೀನಾಲ್‌ಗಳೇ ಕರುಳಿನಲ್ಲಿ ಕಬ್ಬಿಣದೊಡನೆ ಬೆಸೆದುಕೊಂಡು ಅದು ರಕ್ತ ಸೇರದಂತೆ ತಡೆಯುತ್ತವೆ. ಧಾನ್ಯ, ಸೊಪ್ಪುಗಳಲ್ಲಿರುವ ಕಬ್ಬಿಣಕ್ಕೆ ಈ ತಡೆ ಹೆಚ್ಚು. 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಊಟದೊಂದಿಗೆ ಕುಡಿದ ಒಂದು ಕಪ್ ಕಾಫಿಯಿಂದ ಕಬ್ಬಿಣದ ಹೀರಿಕೆ ಶೇ 39ರಷ್ಟು ಕುಸಿಯಿತು. ಊಟವಾಗಿ ಗಂಟೆಯ ಬಳಿಕ ಕುಡಿದರೂ ಅಷ್ಟೇ ಕುಸಿತ. ಊಟಕ್ಕೆ ಗಂಟೆ ಮೊದಲು ಕುಡಿದಾಗ ಮಾತ್ರ ಯಾವ ಬಾಧಕವೂ ಇರಲಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯೋಮಾನದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ದೇಶದ ಕಾಫಿಯ ಬಹುಭಾಗವನ್ನು ಬೆಳೆಯುವ, ಇಡ್ಲಿಯ ಬೆನ್ನಿಗೇ ಕಾಫಿಯನ್ನು ಅಪೇಕ್ಷಿಸುವ ನಾಡಿದು. ರಕ್ತಹೀನತೆಗೆ ಕಾಫಿಯೇ ಕಾರಣವೆಂದು ನಾನು ವಾದಿಸುತ್ತಿಲ್ಲ. ಬಡತನ, ಅಪೌಷ್ಟಿಕತೆಗಳ ಪಾಲು ದೊಡ್ಡದು. ಆದರೆ ಕೊಟ್ಟ ಮಾತ್ರೆಯೂ ವ್ಯರ್ಥವಾಗುವುದಾದರೆ ಅದು ಯೋಚಿಸಬೇಕಾದ ವಿಷಯ. ಸೇವೆಯಲ್ಲಿದ್ದಾಗ ಕಬ್ಬಿಣದ ಮಾತ್ರೆಗಳ ವಿತರಣಾ ಪಟ್ಟಿಗಳನ್ನು ಅನೇಕ ಸಭೆಗಳಲ್ಲಿ ಪರಿಶೀಲಿಸಿದ್ದೇನೆ. ಗುರಿ ಎಷ್ಟು, ಸಾಧನೆ ಎಷ್ಟು ಎಂದು ಕೇಳುತ್ತಿದ್ದೆ. ಯಾವುದರೊಂದಿಗೆ ನುಂಗಿದರು ಎಂದು ಒಮ್ಮೆಯೂ ಕೇಳಲಿಲ್ಲ. ಮಾತ್ರೆ ಕೊಡುವಾಗ ಪ್ರತಿ ಬಾರಿಯೂ ಆ ಒಂದು ಮಾತನ್ನು ಹೇಳಲು ಪ್ರತ್ಯೇಕ ಅನುದಾನವೇನೂ ಬೇಕಾಗದು.

ನಮ್ಮ ಮನೆಯಲ್ಲಿ ಈಗ ಕಾಫಿ ಬೆಳಗಿನ ಆರಕ್ಕೆ, ತಿಂಡಿ ಎಂಟಕ್ಕೆ, ಮಾತ್ರೆ ಹನ್ನೊಂದಕ್ಕೆ ನಿಂಬೆಯ ನೀರಿನೊಂದಿಗೆ. ತಿಂಡಿಯ ನಂತರದ ಲೋಟವನ್ನು ನಾನು ಇನ್ನೂ ಬಿಟ್ಟಿಲ್ಲ. ಅಡುಗೆಮನೆಯಲ್ಲಿ ನಿಂತೇ ಕುಡಿದು ಬರುತ್ತೇನೆ.