ವೀರಪ್ಪನ್ ಬೇಟೆಯ ಕಾಲ: ಐದು ನಂಬಿಕೆ, ಐದು ವಾಸ್ತವ

ಮೈಸೂರಿನಲ್ಲಿ ಕಾಡುಗಳ್ಳ ವೀರಪ್ಪನ್ ಮಾತೆತ್ತಿದರೆ ಕಥೆ ಹೇಳುವವರಿಗೆ ಬರವಿಲ್ಲ. ಆನೆ ದಂತ, ಶ್ರೀಗಂಧ, ನಟ ರಾಜ್‌ಕುಮಾರ್ ಅಪಹರಣ, ಒಂದರ ಹಿಂದೊಂದು ಬರುತ್ತವೆ. ಆದರೆ ಇದೇ ಊರಿನ ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೈದಿಗಳ ವಿಷಯ ಬಂದರೆ ಎರಡೇ ಮಾತಿಗೆ ಚರ್ಚೆ ಮುಗಿದುಹೋಗುತ್ತದೆ: ‘ಅವರೆಲ್ಲ ಅವನ ಕಡೆಯವರು. ಪೊಲೀಸರು ಬಿಗಿ ಮಾಡದಿದ್ದರೆ ಆಗುತ್ತಿತ್ತೇ?’ ದಾಖಲೆ ಹೇಳುವುದು ಬೇರೆ.

ತಪ್ಪು ಕಲ್ಪನೆ 1: ಟಾಡಾದಡಿ ಒಳಗೆ ಹೋದವರೆಲ್ಲ ವೀರಪ್ಪನ್ ತಂಡದವರು.

ಸತ್ಯ: 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ತಂಡದ ನೆಲಬಾಂಬ್ ಸ್ಫೋಟಿಸಿ 22 ಮಂದಿ ಸತ್ತರು. ಅದರ ಬೆನ್ನಿಗೇ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿ, ಹಾಡಿಗಳಿಂದ ಜನರನ್ನು ಹಿಡಿದು ತರಲಾಯಿತು. ಅವನ ತಂಡಕ್ಕೆ ಅಕ್ಕಿ ಕೊಟ್ಟರೆಂಬ ಗುಮಾನಿ ಸಾಕಾಗಿತ್ತು. ಕೊಡದಿದ್ದರೆ ವೀರಪ್ಪನ್ ಬಿಡುತ್ತಿರಲಿಲ್ಲ, ಮಾಹಿತಿದಾರರೆಂದು ಕಂಡವರನ್ನು ಅವನು ಕೊಂದೇ ಹಾಕುತ್ತಿದ್ದ. ಅತ್ತ ದರಿ, ಇತ್ತ ಪುಲಿ. 2001ರಲ್ಲಿ ಮೈಸೂರಿನ ಟಾಡಾ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ಬಹುಪಾಲು ಆರೋಪಿಗಳು ಖುಲಾಸೆಯಾದರು. ಅಷ್ಟರಲ್ಲಿ ಕೆಲವರ ಬದುಕಿನ ಏಳೆಂಟು ವರ್ಷ ಜೈಲಿನಲ್ಲೇ ಕಳೆದಿತ್ತು. ಟಾಡಾ ಕಾಯ್ದೆಯ ಅವಧಿ 1995ರ ಮೇ ತಿಂಗಳಲ್ಲೇ ಮುಗಿದಿದ್ದರೂ ಹಳೆಯ ಮೊಕದ್ದಮೆಗಳು ನಡೆದೇ ಇದ್ದವು.

ತಪ್ಪು ಕಲ್ಪನೆ 2: ಮಾಡದ ತಪ್ಪನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ.

ಸತ್ಯ: ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಸಾಕ್ಷ್ಯದ ಬೆಲೆ ಇಲ್ಲ. ಟಾಡಾ ಈ ತಡೆಯನ್ನು ತೆಗೆದು, ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದಿನ ಹೇಳಿಕೆಯನ್ನು ಕೋರ್ಟಿನಲ್ಲಿ ಒಪ್ಪುವಂತೆ ಮಾಡಿತು. ಹೇಳಿಕೆ ಹೇಗೆ ಹೊರಡುತ್ತಿತ್ತು? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯ ಮುಂದೆ ಹಳ್ಳಿಗರು ಅದನ್ನು ಬಿಡಿಸಿ ಹೇಳಿದರು. ವೀರಪ್ಪನ್ ಬೇಟೆಗೆಂದು ಬೆಟ್ಟದಲ್ಲಿದ್ದ ವಿಶೇಷ ಕಾರ್ಯಪಡೆಯ ಶಿಬಿರದಲ್ಲಿ ‘ವರ್ಕ್‌ಶಾಪ್’ ಎಂದು ಕರೆಯುತ್ತಿದ್ದ ಒಂದು ಜಾಗವಿತ್ತು. ಅಲ್ಲಿ ನೇತುಹಾಕಿ ಹೊಡೆಯುತ್ತಿದ್ದರು, ವಿದ್ಯುತ್ ಶಾಕ್ ಕೊಡುತ್ತಿದ್ದರು. ಹೆಂಗಸರನ್ನೂ ಬಿಡಲಿಲ್ಲ. ಸಮಿತಿ 2003ರಲ್ಲಿ ವರದಿ ಕೊಟ್ಟಿತು. 2007ರಲ್ಲಿ ಆಯೋಗ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದಿತು.

ತಪ್ಪು ಕಲ್ಪನೆ 3: ಹೊಡೆದು ಬಡಿದು ಬಾಯಿ ಬಿಡಿಸಿದ್ದರಿಂದಲೇ ವೀರಪ್ಪನ್ ಸಿಕ್ಕ.

ಸತ್ಯ: ಹಳ್ಳಿಗಳ ಮೇಲೆ ಕೈಮಾಡಿದ್ದು 1993–94ರ ಆಸುಪಾಸಿನಲ್ಲಿ. ವೀರಪ್ಪನ್ ಸತ್ತದ್ದು 2004ರ ಅಕ್ಟೋಬರ್ 18ರಂದು. ನಡುವಿನ ಹತ್ತು ವರ್ಷ ಅವನು ಕಾಡಿನಲ್ಲೇ ಇದ್ದ, ರಾಜ್‌ಕುಮಾರ್ ಅವರನ್ನೂ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನೂ ಹೊತ್ತೊಯ್ದ. ಪೊಲೀಸರೇ ಹೇಳಿರುವಂತೆ, ಕೊನೆಗೆ ಕೆಲಸಕ್ಕೆ ಬಂದದ್ದು ತಮಿಳುನಾಡು ಪಡೆಯ ಬೇಹುಗಾರಿಕೆ. ಕಣ್ಣಿನ ಚಿಕಿತ್ಸೆಗೆಂದು ಹೊರಟ ವೀರಪ್ಪನ್‌ನನ್ನು ಆಂಬುಲೆನ್ಸ್‌ಗೆ ಹತ್ತಿಸಿಕೊಂಡು ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿಯ ತನಕ ತಂದದ್ದು ವೇಷ ಮರೆಸಿದ ಪೊಲೀಸರು.

ಜನರ ವಿಶ್ವಾಸ ಗಳಿಸುವ ದಾರಿಯನ್ನು ಅದಕ್ಕೂ ಮೊದಲೇ ಒಬ್ಬರು ಹಿಡಿದಿದ್ದರು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ವೀರಪ್ಪನ್ ಹುಟ್ಟೂರು ಗೋಪಿನಾಥಂನಲ್ಲೇ ಬಿಡಾರ ಹೂಡಿ ಕಾಯಿಲೆಯವರಿಗೆ ಔಷಧಿ ಕೊಡಿಸಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. ಅವನ ಕಡೆಯ ಹಲವರು ಶರಣಾದರು. ಶರಣಾಗುತ್ತೇನೆಂದು ನಂಬಿಸಿ ವೀರಪ್ಪನ್ 1991ರ ನವೆಂಬರ್ 10ರಂದು ಅವರನ್ನು ಕೊಂದ. ಊರಿನವರು ಆ ಅಧಿಕಾರಿಯ ಫೋಟೊಗೆ ಈಗಲೂ ಕೈಮುಗಿಯುತ್ತಾರೆ.

ತಪ್ಪು ಕಲ್ಪನೆ 4: ಸರ್ಕಾರವನ್ನು ಪ್ರಶ್ನಿಸುವವರು ವೀರಪ್ಪನ್ ಪರ.

ಸತ್ಯ: ಸರ್ಕಾರವನ್ನು ಸುಪ್ರೀಂ ಕೋರ್ಟಿಗೆ ಎಳೆದವರು ಅಬ್ದುಲ್ ಕರೀಂ. ಅವರ ಮಗ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್, 1992ರ ಆಗಸ್ಟ್ 14ರಂದು ಎಸ್‌ಪಿ ಹರಿಕೃಷ್ಣ ಅವರೊಂದಿಗೆ ವೀರಪ್ಪನ್ ಗುಂಡಿಗೆ ಬಲಿಯಾಗಿದ್ದರು. 2000ದ ಜುಲೈ 30ರಂದು ರಾಜ್‌ಕುಮಾರ್ ಅಪಹರಣವಾದಾಗ ವೀರಪ್ಪನ್ ಮೈಸೂರು ಜೈಲಿನ ಟಾಡಾ ಕೈದಿಗಳ ಬಿಡುಗಡೆ ಕೇಳಿದ. ವರ್ಷಗಟ್ಟಲೆ ಅವರನ್ನು ಒಳಗಿಟ್ಟಿದ್ದ ಸರ್ಕಾರ ಒಂದೇ ತಿಂಗಳಲ್ಲಿ ಟಾಡಾ ಆರೋಪ ಕೈಬಿಡಲು ಹೊರಟಿತು, ಮೈಸೂರು ನ್ಯಾಯಾಲಯ ಒಪ್ಪಿಗೆಯನ್ನೂ ಕೊಟ್ಟಿತು. ಕರೀಂ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ನವೆಂಬರ್ 7ರಂದು ಆ ಒಪ್ಪಿಗೆಯನ್ನು ರದ್ದುಪಡಿಸಿತು. ನವೆಂಬರ್ 15ರಂದು ರಾಜ್‌ಕುಮಾರ್ ಬಿಡುಗಡೆಯಾದರು. ಅಪಾಯಕಾರಿಗಳೆಂದು ಹಿಡಿದಿಟ್ಟದ್ದಾಗಲಿ, ಒತ್ತಡ ಬಂದೊಡನೆ ಬಿಡಲು ಹೊರಟದ್ದಾಗಲಿ, ಎರಡರಲ್ಲೂ ಒಬ್ಬೊಬ್ಬರ ಮೇಲಿನ ಸಾಕ್ಷ್ಯವೇನೆಂದು ಬಿಡಿಬಿಡಿಯಾಗಿ ತೂಗಿ ನೋಡಿರಲಿಲ್ಲ.

ತಪ್ಪು ಕಲ್ಪನೆ 5: ಇದು ಕಾಡಂಚಿನವರ ಪಾಡು, ನಗರದವರಿಗೆ ಸಂಬಂಧವಿಲ್ಲ.

ಸತ್ಯ: ಬಂಧನದ ನಿಯಮಗಳು ಬೆಟ್ಟಕ್ಕೂ ಮೈಸೂರಿನ ದೇವರಾಜ ಅರಸ್ ರಸ್ತೆಗೂ ಒಂದೇ. ಹಿಡಿದವರನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಬಂಧನದ ಮೆಮೊ ಬರೆದು ಮನೆಯವರಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 1996ರ ಡಿ.ಕೆ. ಬಸು ತೀರ್ಪಿನಲ್ಲಿ ವಿಧಿಸಿದೆ. ಠಾಣೆಯ ಬಾಗಿಲು, ಲಾಕಪ್, ಓಡಾಡುವ ಜಾಗಗಳಲ್ಲೆಲ್ಲ ಸಿಸಿಟಿವಿ ಇರಬೇಕೆಂದು 2020ರಲ್ಲಿ ಆದೇಶಿಸಿದೆ. ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಘಟನೆ ನಡೆದ ಒಂದು ವರ್ಷದೊಳಗೆ ಕೊಡಬೇಕು. ಆ ಗಡುವು ದಾಟಿದರೆ ಆಯೋಗ ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ.